ಕೊಲ್ಲಲೆಂದು ಸಾಕಿದ ಚಿಪ್ಪು

ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರಿಗೆ ಕಪ್ಪೆಚಿಪ್ಪಿನ ಜಾತಿಯ ಪ್ರಾಣಿಗಳು ನೋಡಲು ಚೆಂದ, ಉಳಿಸಿಕೊಳ್ಳಲು ಕಷ್ಟ. ಕೆಂಪು ಅಂಚಿನ ಸ್ಕಾಲಪ್ ತಂದು ಬಿಟ್ಟರೆ ಕೆಲವು ವಾರ ಚೆನ್ನಾಗಿಯೇ ಇರುತ್ತದೆ. ಆಮೇಲೆ ಒಂದು ಬೆಳಿಗ್ಗೆ ಚಿಪ್ಪು ಬಾಯಿ ಬಿಟ್ಟುಕೊಂಡು ಬಿದ್ದಿರುತ್ತದೆ. ರೋಗವೇನಲ್ಲ, ಹಸಿವು. ಈ ಪ್ರಾಣಿಗಳು ನೀರನ್ನು ಕಿವಿರಿನಲ್ಲಿ ಸೋಸಿ, ಅದರಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿಯನ್ನು ತಿಂದು ಬದುಕುವಂಥವು. ಗಾಜಿನ ತೊಟ್ಟಿಯ ನೀರು ಎಷ್ಟು ತಿಳಿಯಾಗಿರುತ್ತದೋ ಅವುಗಳ ಊಟ ಅಷ್ಟು ತೆಳ್ಳಗಾಗುತ್ತದೆ. ಅಕ್ವೇರಿಯಂ ಸ್ವಚ್ಛವಾಗಿಟ್ಟಷ್ಟೂ ಅತಿಥಿ ಬೇಗ ಸಾಯುತ್ತಾನೆ ಎಂಬ ವಿಚಿತ್ರ ಕಷ್ಟ ಇದು.

ಆದರೆ ಇದೇ ಕುಲದಲ್ಲಿ ಒಂದು ಬಗೆಯ ಪ್ರಾಣಿಯಿದೆ, ಅದು ಬುತ್ತಿ ಕಟ್ಟಿಕೊಂಡೇ ತೊಟ್ಟಿಗೆ ಬರುತ್ತದೆ. ಅದು ವಾಸಿಸುವ ಮನೆಯೇ ಅದರ ಅನ್ನ. ಅದನ್ನು ಅಂದಕ್ಕೆಂದು ಸಾಕಿದವರು ಯಾರೂ ಇಲ್ಲ. ವಿಶಾಖಪಟ್ಟಣದಲ್ಲಿ ಮಾತ್ರ 1950ರ ದಶಕದಿಂದ ವಿಜ್ಞಾನಿಗಳು ಅದನ್ನು ಸಮುದ್ರದಿಂದ ಎತ್ತಿ ತಂದು, ಉಪ್ಪುನೀರಿನಲ್ಲಿಟ್ಟು, ಜೋಪಾನ ಮಾಡಿದ್ದಾರೆ. ಯಾಕೆಂದರೆ ಅದನ್ನು ಹೇಗೆ ಕೊಲ್ಲಬೇಕೆಂದು ಅವರಿಗೆ ತಿಳಿಯಬೇಕಿತ್ತು. ಅದೇ ಹಡಗುಹುಳು.

ಹೆಸರು ಹುಳುವಾದರೂ ಅದು ಮರುವಾಯಿ, ಪಚ್ಚಿಲೆಗಳ ದಾಯಾದಿ. ಮೈ ಬೆರಳಿನಷ್ಟು ದಪ್ಪ, ಗೇಣುದ್ದ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಬಿಳಿಚಿಕೊಂಡು, ಬೆತ್ತಲೆಯಾಗಿ, ಮೆತ್ತಗೆ. ಎರಡು ಚಿಪ್ಪುಗಳು ಕುಗ್ಗಿ ತಲೆಯ ತುದಿಯಲ್ಲಿ ಕಡಲೆಕಾಳಿನಷ್ಟಾಗಿ ಉಳಿದಿವೆ. ಅವು ಈಗ ಮೈ ಮುಚ್ಚುವ ಕವಚವಲ್ಲ, ಕೊರೆಯುವ ಆಯುಧ: ಮೇಲ್ಮೈ ತುಂಬ ಸಾಲುಸಾಲಾಗಿ ಸೂಕ್ಷ್ಮ ಹಲ್ಲುಗಳು. ಪ್ರಾಣಿ ಚಿಪ್ಪನ್ನು ಆಡಿಸುತ್ತಾ ಮರವನ್ನು ಉಜ್ಜುತ್ತದೆ, ಹೊಟ್ಟು ಬಾಯಿಗೆ ಹೋಗುತ್ತದೆ. ಹಿಂತುದಿಯಲ್ಲಿ ಎರಡು ನಳಿಗೆಗಳಿವೆ. ಒಂದು ನೀರೆಳೆಯುತ್ತದೆ, ಇನ್ನೊಂದು ಹೊರಹಾಕುತ್ತದೆ. ಮರದ ಹೊರಗೆ ಕಾಣುವುದು ಇವೆರಡೇ, ಅದೂ ಗುಂಡುಸೂಜಿಯ ತಲೆಯಷ್ಟು ರಂಧ್ರದಿಂದ.

ತೊಟ್ಟಿಯಲ್ಲಿ ಮುಳುಗಿಸಿಟ್ಟ ಹಲಗೆಯ ಮುಂದೆ ಸ್ವಲ್ಪ ಹೊತ್ತು ಅಲುಗಾಡದೆ ಕೂತರೆ ಈ ನಳಿಗೆಗಳು ಒಂದೊಂದಾಗಿ ಹೊರಬರುತ್ತವೆ, ಬಿಳಿ ದಾರದ ಜೋಡಿಗಳು. ಹೊರಹಾಕುವ ನಳಿಗೆಯಿಂದ ನುಣ್ಣನೆಯ ಮರದ ಪುಡಿ ಉದುರಿ ತೊಟ್ಟಿಯ ತಳದಲ್ಲಿ ಕಂದು ರಾಶಿಯಾಗುತ್ತದೆ. ಗಾಜು ತಟ್ಟಿದರೆ ಸಾಕು, ಎಲ್ಲ ದಾರಗಳೂ ಒಮ್ಮೆಗೇ ಮಾಯ. ನಳಿಗೆಗಳ ಬುಡದಲ್ಲಿ ಸುಣ್ಣದಿಂದಾದ ಎರಡು ಪುಟ್ಟ ಬೆಣೆಗಳಿದ್ದು, ಅಪಾಯ ಕಂಡಾಗ ಅವು ರಂಧ್ರವನ್ನು ಒಳಗಿನಿಂದ ಭದ್ರವಾಗಿ ಜಡಿದುಬಿಡುತ್ತವೆ. ಹಾಗೆ ಬಾಗಿಲು ಹಾಕಿಕೊಂಡು, ನೀರೂ ಗಾಳಿಯೂ ಇಲ್ಲದೆ, ಮೈಯಲ್ಲಿ ಕೂಡಿಟ್ಟ ಶಕ್ತಿಯ ಮೇಲೆ ಅದು ವಾರಗಟ್ಟಲೆ ಬದುಕಬಲ್ಲದು. ಹಲಗೆಯನ್ನು ಉಳಿಯಿಂದ ಸೀಳಿದಾಗ ಮಾತ್ರ ಒಳಗಿನ ಸಂಸಾರ ಬಯಲಾಗುತ್ತದೆ: ಹೊರಗೆ ಗಟ್ಟಿಯಾಗಿ ಕಾಣುವ ಮರ ಒಳಗೆ ಜೇನುಹಲ್ಲೆ. ಪ್ರತಿ ಸುರಂಗದ ಗೋಡೆಗೂ ಬಿಳಿ ಸುಣ್ಣದ ಗಿಲಾವು. ನೂರು ಸುರಂಗಗಳು ಒತ್ತೊತ್ತಾಗಿದ್ದರೂ ಒಂದು ಇನ್ನೊಂದನ್ನು ಸೀಳಿಕೊಂಡು ಹೋಗುವುದಿಲ್ಲ. ಪಕ್ಕದವನ ಗೋಡೆ ಹತ್ತಿರವಾದೊಡನೆ ತಿರುಗಿಕೊಳ್ಳುತ್ತದೆ. ನಮ್ಮ ನಗರಗಳ ಸೈಟು ಮಾಲೀಕರಿಗೆ ಇಷ್ಟು ಶಿಸ್ತಿಲ್ಲ.

ಈ ಪ್ರಾಣಿ ಮೃದ್ವಂಗಿ ಎಂದು ಯುರೋಪು ಒಪ್ಪಿಕೊಂಡದ್ದು ಒಂದು ದೊಡ್ಡ ಪೆಟ್ಟು ತಿಂದ ಮೇಲೆ. 1731ರ ಸುಮಾರಿಗೆ ನೆದರ್ಲೆಂಡ್ಸಿನ ಸಮುದ್ರ ದಂಡೆಯ ಒಡ್ಡುಗಳಿಗೆ ಹೊದಿಸಿದ್ದ ಮರದ ಕಂಬಗಳು ಮುರಿದು ಬೀಳತೊಡಗಿದವು. ಸಮುದ್ರಮಟ್ಟಕ್ಕಿಂತ ಕೆಳಗೆ ಬದುಕುವ ದೇಶಕ್ಕೆ ಇದು ಪ್ರಾಣಸಂಕಟ. ದೇವರ ಶಿಕ್ಷೆಯೆಂದು ಚರ್ಚುಗಳಲ್ಲಿ ಪ್ರಾರ್ಥನೆ ನಡೆದರೆ, ಗಾಟ್‌ಫ್ರೀಡ್ ಸೆಲ್ಲಿಯಸ್ ಎಂಬ ವಿದ್ವಾಂಸ ಕಂಬ ಸೀಳಿ ಪ್ರಾಣಿಯನ್ನೇ ಎತ್ತಿ ನೋಡಿ, 1733ರ ತನ್ನ ಪುಸ್ತಕದಲ್ಲಿ ಅದು ಹುಳುವಲ್ಲ, ಚಿಪ್ಪುಜೀವಿ ಎಂದು ಬರೆದ. ಒಡ್ಡುಗಳಿಗೆ ಮರದ ಬದಲು ಕಲ್ಲು ಬಂತು.

ಅದೇ ಡಚ್ಚರು ಆ ಹೊತ್ತಿಗಾಗಲೇ ಆಂಧ್ರದ ಕರಾವಳಿಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ವ್ಯಾಪಾರ ಮಾಡುತ್ತಿದ್ದರು. ಮಚಲಿಪಟ್ಟಣ ಅವರ ಮೊದಲ ನೆಲೆಗಳಲ್ಲೊಂದು. ವಿಶಾಖಪಟ್ಟಣದ ಉತ್ತರಕ್ಕಿರುವ ಭೀಮುನಿಪಟ್ಟಣದಲ್ಲಿ, ಊರವರ ಬಾಯಲ್ಲಿ ಭೀಮಿಲಿಯಲ್ಲಿ, ಅವರ ಹಳೆಯ ಸಮಾಧಿಗಳು ಈಗಲೂ ಇವೆ. ಬೆಚ್ಚನೆಯ ಬಂಗಾಳಕೊಲ್ಲಿಯಲ್ಲಿ ನಿಂತ ಮರದ ಹಡಗಿಗೆ ಏನಾಗುತ್ತದೆಂದು ಅವರ ಬಡಗಿಗಳಿಗೆ ತಿಳಿಯದ್ದಲ್ಲ. ಇದು ಎಲ್ಲ ನಾವಿಕರ ಪಾಡು: ಕೊಲಂಬಸ್ ತನ್ನ ನಾಲ್ಕನೆಯ ಯಾನದಲ್ಲಿ, 1503ರಲ್ಲಿ, ಹುಳು ತಿಂದು ಜರಡಿಯಾದ ಹಡಗುಗಳನ್ನು ಜಮೈಕಾದ ದಡಕ್ಕೆ ಹತ್ತಿಸಿ ಒಂದು ವರ್ಷ ಅಲ್ಲೇ ಕೂರಬೇಕಾಯಿತು. ಬ್ರಿಟಿಷ್ ನೌಕಾಪಡೆ 1761ರಲ್ಲಿ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿ ನೋಡಿತು. ತಾಮ್ರ ಚಿಪ್ಪುಜೀವಿಗಳಿಗೆ ವಿಷ. ಮೀನಿಗೆ ಬಿಳಿಚುಕ್ಕಿ ರೋಗ ಬಂತೆಂದು ತೊಟ್ಟಿಗೆ ತಾಮ್ರದ ಔಷಧಿ ಹಾಕಿ ಇದ್ದಬದ್ದ ಚಿಪ್ಪುಗಳನ್ನೆಲ್ಲ ಕಳೆದುಕೊಳ್ಳುವ ಇಂದಿನ ಅಕ್ವೇರಿಯಂ ಹವ್ಯಾಸಿಗಳು ಅರಿಯದೆ ಮಾಡುವುದೂ ಅದೇ ಪ್ರಯೋಗ.

ತಾಮ್ರಕ್ಕೆ ದುಡ್ಡಿಲ್ಲದವರ ದಾರಿ ಬೇರೆ. ಸುಣ್ಣ, ನಾರು, ಎಣ್ಣೆ ಕಲಸಿ ಹಡಗಿನ ತಳಕ್ಕೆ ಮೆತ್ತುವ ಪದ್ಧತಿಯನ್ನು ಮಾರ್ಕೊ ಪೋಲೊ 13ನೇ ಶತಮಾನದಲ್ಲೇ ಕಂಡು ಬರೆದಿದ್ದ. ಕರ್ನಾಟಕದ ಕರಾವಳಿಯಲ್ಲಿ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದರು. ಬೂತಾಯಿ, ಬೈಗೆ, ತಾರ್ಲೆ ಎಂದು ಊರಿಗೊಂದು ಹೆಸರಿನ ಆ ಒಂದೇ ಮೀನು ಸುಗ್ಗಿಯಲ್ಲಿ ರಾಶಿ ಬಿದ್ದಾಗ ಬೇಯಿಸಿ ತೆಗೆದ ಎಣ್ಣೆ ಅದು. ಗೇರುಬೀಜದ ಸಿಪ್ಪೆಯ ಎಣ್ಣೆಯೂ ಬಳಕೆಯಲ್ಲಿತ್ತು. ಬಳಿದವನ ಕೈ ಸುಡುವಷ್ಟು ಖಾರವಾದ ಆ ಎಣ್ಣೆ ಹುಳುವಿಗೂ ರುಚಿಸಲಾರದೆಂಬ ಲೆಕ್ಕ. ವಿಶಾಖಪಟ್ಟಣದ ಬೆಸ್ತರ ಉಪಾಯ ಇನ್ನೂ ಸರಳ. ಅವರ ತೆಪ್ಪವೆಂದರೆ ಹಗ್ಗದಿಂದ ಬಿಗಿದ ಮರದ ದಿಮ್ಮಿಗಳು. ಸಮುದ್ರದಿಂದ ಬಂದ ಮೇಲೆ ಹಗ್ಗ ಬಿಚ್ಚಿ ದಿಮ್ಮಿಗಳನ್ನು ಮರಳಿನ ಮೇಲೆ ಬೇರೆ ಬೇರೆಯಾಗಿ ಒಣಗಲು ಹಾಕುತ್ತಿದ್ದರು. ನೀರು ಬಸಿದು ತೂಕ ಇಳಿಯಲೆಂದು ಮಾಡುವ ಕೆಲಸ, ಆದರೆ ಆಗಷ್ಟೇ ಮರಕ್ಕೆ ಹತ್ತಿದ ಹುಳುಮರಿಗಳಿಗೆ ಆಂಧ್ರದ ಮಧ್ಯಾಹ್ನದ ಬಿಸಿಲನ್ನು ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ಇನ್ನೊಂದು ಮದ್ದು ನದಿ. ಹಡಗುಹುಳುವಿನ ಬಹುತೇಕ ಜಾತಿಗಳಿಗೆ ಸಿಹಿನೀರು ಆಗಿಬರದು. ಹಡಗನ್ನು ನದಿಯ ಬಾಯೊಳಕ್ಕೆ ತಂದು ಕೆಲವು ಕಾಲ ನಿಲ್ಲಿಸಿದರೆ ಬೆಣೆ ಜಡಿದುಕೊಂಡು ಕೂತವುಗಳೂ ಕೊನೆಗೆ ಸೋಲುತ್ತವೆ. ಗೋದಾವರಿಯ ಬಾಯಲ್ಲಿದ್ದ ಕೋರಂಗಿ ಹಡಗು ರಿಪೇರಿಗೆ ಹೆಸರಾದದ್ದರ ಹಿಂದೆ ಒಳ್ಳೆಯ ಬಡಗಿಗಳು, ಕೆಸರಿನ ಹಡಗುಕಟ್ಟೆಗಳು ಇದ್ದ ಹಾಗೆ ಈ ಸಿಹಿನೀರೂ ಇತ್ತೆಂದು ಊಹಿಸುವುದು ಅತಿಯಲ್ಲ. 1839ರ ನವೆಂಬರಿನ ಚಂಡಮಾರುತ ಆ ಬಂದರನ್ನು ಮತ್ತೆ ತಲೆಯೆತ್ತದಂತೆ ಮಾಡಿತು.

ಬೆಜವಾಡದ, ಅಂದರೆ ಇಂದಿನ ವಿಜಯವಾಡದ, ಕಥೆಯೂ ನೀರಿನ ಇದೇ ಗಡಿಯದು. ಅಲ್ಲಿ ಕೃಷ್ಣೆಗೆ 1855ರಲ್ಲಿ ಆಣೆಕಟ್ಟು ಬಿದ್ದ ಮೇಲೆ ನದಿಯ ಎರಡೂ ಕಡೆ ಕಾಲುವೆಗಳು ಹೊರಟವು. ಪೆದ್ದಗಂಜಾಮಿನಲ್ಲಿ ಅವು ಬಕಿಂಗ್‌ಹ್ಯಾಮ್ ಕಾಲುವೆಗೆ ಕೂಡಿ, ಮರದ ದೋಣಿಗಳು ಬೆಜವಾಡದಿಂದ ಮದರಾಸಿನವರೆಗೆ ಸರಕು ಹೊರುವಂತಾಯಿತು. ಬಕಿಂಗ್‌ಹ್ಯಾಮ್ ಕಾಲುವೆ ಸಮುದ್ರಕ್ಕೆ ಸಮಾನಾಂತರವಾಗಿ ಹರಿಯುವ ಉಪ್ಪುನೀರಿನದು. ಕೃಷ್ಣೆಯ ಕಾಲುವೆಗಳು ಸಿಹಿನೀರಿನವು. ಸೌದೆಯನ್ನೋ ಉಪ್ಪನ್ನೋ ಇಳಿಸಿ ಬೆಜವಾಡಕ್ಕೆ ಮರಳಿದ ದೋಣಿಗೆ ಬೇರೆ ಚಿಕಿತ್ಸೆಯೇ ಬೇಕಿರಲಿಲ್ಲ, ಕೃಷ್ಣೆಯ ನೀರೇ ಔಷಧ. ಆಣೆಕಟ್ಟಿನ ಮೇಲ್ಭಾಗದಲ್ಲಿ ಮರ ಕೊಳೆಯಬಹುದು, ಗೆದ್ದಲು ಹತ್ತಬಹುದು, ಹಡಗುಹುಳು ಮಾತ್ರ ಬಾರದು.

ವಿಶಾಖಪಟ್ಟಣಕ್ಕೆ ಅಂಥ ದೊಡ್ಡ ನದಿಯಿಲ್ಲ. ಇದ್ದದ್ದು ಡಾಲ್ಫಿನ್ಸ್ ನೋಸ್ ಬೆಟ್ಟದ ಮರೆ, ಅದರ ಹಿಂದೆ ಮೇಘಾದ್ರಿ ಗೆಡ್ಡ ಎಂಬ ಹೊಳೆ ಬಂದು ಸೇರುವ ಜವುಗು ಹಿನ್ನೀರು. ಮಧ್ಯಪ್ರಾಂತ್ಯದ ಮ್ಯಾಂಗನೀಸ್ ಅದಿರನ್ನು ಹೊರಸಾಗಿಸಲು ಒಂದು ಬಂದರು ಬೇಕೆಂದು ಆ ಜವುಗನ್ನು ಹೂಳೆತ್ತಿ ಬಂದರು ಕಟ್ಟಿದರು. ಅಲೆಯೊಡ್ಡಿಗೆಂದು ಎರಡು ಹಳೆಯ ಹಡಗುಗಳನ್ನೇ ಮುಳುಗಿಸಿದರು. 1933ರ ಅಕ್ಟೋಬರ್ 7ರಂದು ಸಿಂಧಿಯಾ ಕಂಪನಿಯ 'ಜಲದುರ್ಗ' ಮೊದಲ ಹಡಗಾಗಿ ಒಳಗೆ ಬಂತು. ಡಿಸೆಂಬರಿನಲ್ಲಿ ವೈಸ್‌ರಾಯ್ ವಿಲಿಂಗ್ಡನ್ ಬಂದರನ್ನು ಉದ್ಘಾಟಿಸಿದ. ಅಲೆಯಿಲ್ಲದ, ಬೆಚ್ಚನೆಯ, ನಿಂತ ಉಪ್ಪುನೀರು, ಅದರಲ್ಲಿ ಮರದ ಕಂಬ, ಮರದ ದೋಣಿ. ಮನುಷ್ಯರಿಗೆ ಬಂದರು ಕಟ್ಟಿಕೊಟ್ಟ ಎಂಜಿನಿಯರುಗಳು ಅರಿಯದೆ ಹಡಗುಹುಳುವಿಗೂ ಒಂದು ಬಡಾವಣೆ ಕಟ್ಟಿಕೊಟ್ಟಿದ್ದರು.

ಅದೇ 1933ರಲ್ಲಿ ದೂರದ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಎಂಬವರು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ಒಂದು ಮಿಶ್ರಣ ಸಿದ್ಧಪಡಿಸಿದರು. 'ಆಸ್ಕು' ಎಂದು ಅದರ ಮಾರಾಟದ ಹೆಸರು. ಜಾಣತನವಿದ್ದದ್ದು ಕ್ರೋಮಿಯಂನಲ್ಲಿ. ತಾಮ್ರ, ಆರ್ಸೆನಿಕ್ ಎರಡೂ ಹುಳುವಿಗೂ ಬೂಷ್ಟಿಗೂ ವಿಷವೆಂದು ಮೊದಲೇ ಗೊತ್ತಿತ್ತು, ಆದರೆ ಮರಕ್ಕೆ ಕುಡಿಸಿದರೆ ಮಳೆಗೆ, ಅಲೆಗೆ ತೊಳೆದುಹೋಗುತ್ತಿದ್ದವು. ಕ್ರೋಮಿಯಂ ಅವನ್ನು ಮರದ ನಾರಿಗೆ ಕಚ್ಚಿಸಿ ನಿಲ್ಲಿಸಿತು. 1938ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಟೆಲಿಫೋನು ಕಂಬ, ಧಕ್ಕೆಯ ಕಂಬ, ಹಿತ್ತಿಲ ಬೇಲಿ ಎಲ್ಲಕ್ಕೂ ಹಸಿರು ಛಾಯೆ ಬಂದದ್ದು ಈ ಮಿಶ್ರಣದಿಂದ. ಕಾಮೇಶಂ ಹೆಸರು ಮಾತ್ರ ಮರದ ವ್ಯಾಪಾರಿಗಳಿಗೂ ಗೊತ್ತಿಲ್ಲ. ಇಷ್ಟು ದೊಡ್ಡ ಶೋಧಕ್ಕೆ ಇಷ್ಟು ಸಣ್ಣ ಕೀರ್ತಿ ಸಿಕ್ಕ ಉದಾಹರಣೆ ನಮ್ಮ ವಿಜ್ಞಾನದಲ್ಲಿ ಹೆಚ್ಚಿಲ್ಲ.

ವಿಷ ಸಿದ್ಧವಾಯಿತು, ಆದರೆ ಶತ್ರುವಿನ ಗುಣ ಗೊತ್ತಿರಲಿಲ್ಲ. ಯಾವ ಜಾತಿ, ಯಾವ ತಿಂಗಳಲ್ಲಿ ಮರಿ ಹಾಕುತ್ತದೆ, ಎಷ್ಟು ಉಪ್ಪು ತಡೆಯುತ್ತದೆ? ಇದಕ್ಕೆ ಉತ್ತರ ಹುಡುಕಿದ್ದು ಬೆಜವಾಡದಲ್ಲಿ ಹುಟ್ಟಿ ವಾಲ್ಟೇರಿಗೆ ವಲಸೆ ಬಂದ ಒಂದು ವಿಶ್ವವಿದ್ಯಾಲಯ. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಶುರುವಾದಾಗ ಅದರ ಕಚೇರಿ ಇದ್ದದ್ದು ಬೆಜವಾಡದಲ್ಲಿ. ಕೆಲವೇ ವರ್ಷಗಳಲ್ಲಿ ಅದು ವಿಶಾಖಪಟ್ಟಣದ ಪಕ್ಕದ ವಾಲ್ಟೇರಿನ ಗುಡ್ಡ ಹತ್ತಿತು. ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರಾಗಿ, ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿ ಕೆಲಸ ಮಾಡಿದ್ದವರು. ಅವರ ನಂತರ ಬಂದ ರಾಧಾಕೃಷ್ಣನ್ ಕೂಡ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರೇ. ಊರು ಬದಲಾದದ್ದರಿಂದ ವಿಶ್ವವಿದ್ಯಾಲಯಕ್ಕೆ ಸಮುದ್ರ ಸಿಕ್ಕಿತು. ಬೆಜವಾಡದಲ್ಲೇ ಉಳಿದಿದ್ದರೆ ಅಲ್ಲಿಯ ಪ್ರಾಣಿಶಾಸ್ತ್ರದವರು ಹೊಳೆಯ ಮೀನುಗಳನ್ನು ಎಣಿಸಿಕೊಂಡು ಇರುತ್ತಿದ್ದರೇನೋ.

1952ರಲ್ಲಿ ಅಮೆರಿಕದ ಸಮುದ್ರವಿಜ್ಞಾನಿ ಯುಜೀನ್ ಲಾಫಾಂಡ್ ವಾಲ್ಟೇರಿಗೆ ಬಂದು, ಭಾರತೀಯ ನೌಕಾಪಡೆಯ ಹಡಗುಗಳಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂಗಾಳಕೊಲ್ಲಿಯ ಉಷ್ಣತೆ, ಉಪ್ಪು, ಪ್ರವಾಹಗಳನ್ನು ಅಳೆಯತೊಡಗಿದರು. ಅದೇ ದಶಕದಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಪಿ.ಎನ್. ಗಣಪತಿ, ತಮ್ಮ ಶಿಷ್ಯರಾದ ಎಂ.ವಿ. ಲಕ್ಷ್ಮಣರಾವ್, ಆರ್. ನಾಗಭೂಷಣಂ ಅವರೊಂದಿಗೆ ಬಂದರಿನ ನೀರಿಗೆ ಮರದ ತುಂಡುಗಳನ್ನು ಇಳಿಬಿಟ್ಟರು. ಬಂದರಿನ ಕಂಬ, ದೋಣಿಗಳಿಗೆ ಹತ್ತುವ, ಕೊರೆಯುವ ಜೀವಿಗಳ ಬಗ್ಗೆ ಅವರ ವಿಸ್ತಾರವಾದ ಬರಹ 1958ರಲ್ಲಿ ವಿಶ್ವವಿದ್ಯಾಲಯದ ಸಮುದ್ರವಿಜ್ಞಾನ ಮಾಲಿಕೆಯಲ್ಲೇ ಪ್ರಕಟವಾಯಿತು.

ಅವರು ತೊಟ್ಟಿಯಲ್ಲಿಟ್ಟು ಪರೀಕ್ಷಿಸಿದವುಗಳಲ್ಲಿ ಹಡಗುಹುಳುವಿನ ಒಬ್ಬ ವಿಚಿತ್ರ ನೆಂಟನಿದ್ದ: ಮಾರ್ಟೀಸಿಯ. ಇದು ನೋಡಲು ಸರಿಯಾದ ಚಿಪ್ಪುಜೀವಿಯೇ. ಪೇರಳೆಯಾಕಾರದ, ಮೈ ಪೂರ್ತಿ ಮುಚ್ಚುವ ಚಿಪ್ಪು. ಮರ ಕೊರೆಯುವುದು ಕೇವಲ ವಸತಿಗಾಗಿ; ತಿನ್ನುವುದು ನೀರು ಸೋಸಿ ಸಿಕ್ಕಿದ್ದನ್ನು. ಹಾಗಾಗಿ ಮರವಲ್ಲದಿದ್ದರೂ ನಡೆಯುತ್ತದೆ, ಪ್ಲಾಸ್ಟಿಕ್ ಕೊಳವೆಯನ್ನೂ ಕೊರೆದ ದಾಖಲೆ ಅದಕ್ಕಿದೆ. ಮಾರ್ಟೀಸಿಯ ಎಷ್ಟರಮಟ್ಟಿಗೆ ಉಪ್ಪು ಕಡಿಮೆಯಾದ ನೀರು ತಡೆಯುತ್ತದೆಂದು ನಾಗಭೂಷಣಂ 1955ರಲ್ಲಿ ಪ್ರಕಟಿಸಿದರು. ಮಳೆಗಾಲದಲ್ಲಿ ಹೊಳೆಯ ನೀರು ನುಗ್ಗಿ ಬಂದರಿನ ಉಪ್ಪು ಇಳಿದಾಗ ಈ ಪ್ರಾಣಿ ಸಾಯುತ್ತದೋ ಬಾಗಿಲು ಹಾಕಿಕೊಂಡು ಕಾಯುತ್ತದೋ ಎಂಬ ಪ್ರಶ್ನೆ ಅದರ ಹಿಂದಿತ್ತು. ಕೋರಂಗಿಯ ಬಡಗಿಗಳು ಅನುಭವದಿಂದ ಬಲ್ಲದ್ದನ್ನು ಪ್ರಯೋಗಾಲಯ ಈಗ ಅಂಕಿಯಲ್ಲಿ ಬರೆಯುತ್ತಿತ್ತು.

ಸಾಕುವ ಕೆಲಸದ ಕಷ್ಟ ಸಣ್ಣದಲ್ಲ. ಹಡಗುಹುಳುವನ್ನು ಮರದಿಂದ ಬಿಡಿಸಿ ತೊಟ್ಟಿಗೆ ಬಿಡುವಂತಿಲ್ಲ, ಸುರಂಗ ಕಳೆದುಕೊಂಡ ಮೆತ್ತನೆಯ ಮೈ ಹೆಚ್ಚು ದಿನ ಬಾಳದು. ಹಲಗೆಯ ಸಮೇತವೇ ತರಬೇಕು. ತಂದ ಹಲಗೆಯ ಮೇಲಿನ ಬಾರ್ನಕಲ್, ಪಾಚಿ, ಸಿಂಪಿಗಳನ್ನು ಕೆರೆದು ತೆಗೆಯದಿದ್ದರೆ ಅವು ತೊಟ್ಟಿಯಲ್ಲಿ ಸತ್ತು ನೀರು ಕೆಡಿಸುತ್ತವೆ. ಹಾಗೆಂದು ಜೋರಾಗಿ ಕೆರೆದರೆ ನಳಿಗೆಯ ರಂಧ್ರಗಳೇ ಮುಚ್ಚಿಹೋಗುತ್ತವೆ. ಮರದಿಂದ ಕಂದು ಒಗರು ಇಳಿಯುತ್ತದೆ, ನೀರು ಬದಲಿಸುತ್ತಿರಬೇಕು, ಗಾಳಿ ಊದುತ್ತಿರಬೇಕು. ಒಳಗೆ ಒಂದಷ್ಟು ಪ್ರಾಣಿಗಳು ಸತ್ತರೂ ಹೊರಗೆ ಗೊತ್ತಾಗುವುದಿಲ್ಲ; ವಾಸನೆ ಬಂದಾಗಷ್ಟೇ ತಿಳಿಯುತ್ತದೆ. ಮರ ಸೀಳದೆ ಒಳಗಿನ ಲೆಕ್ಕ ತಿಳಿಯಲು ಎಕ್ಸ್‌ರೇ ತೆಗೆಯುವುದು ವಾಡಿಕೆಯಾಯಿತು. ಆಸ್ಪತ್ರೆಯ ಫಿಲ್ಮಿನಲ್ಲಿ ಎಲುಬು ಬೀಳುವಂತೆ ಇಲ್ಲಿ ಸುಣ್ಣದ ಗೋಡೆಯ ಸುರಂಗಗಳು ಬಿಳಿಯಾಗಿ ಬೀಳುತ್ತವೆ. ಯಾವ ಜಾತಿಯೆಂದು ನಿರ್ಧರಿಸಲು ಕೊನೆಗೂ ಬೇಕಾಗುವುದು ಬಾಲದ ಬಳಿಯ ಆ ಎರಡು ಬೆಣೆಗಳೇ. ಹುಟ್ಟುಗೋಲಿನಾಕಾರದ ಒಂದೇ ತುಂಡಾಗಿದ್ದರೆ ಟೆರಿಡೊ ಇಲ್ಲವೇ ಲೈರೋಡಸ್, ಗರಿಯಂತೆ ಗಣ್ಣುಗಣ್ಣಾಗಿದ್ದರೆ ಬ್ಯಾಂಕಿಯ. ಈ ಬೆಣೆಗಳ ಆಧಾರದಲ್ಲಿ ಜಗತ್ತಿನ ಹಡಗುಹುಳುಗಳನ್ನೆಲ್ಲ ಹೊಸದಾಗಿ ಜೋಡಿಸಿದ ಹಾರ್ವರ್ಡಿನ ರೂತ್ ಟರ್ನರ್ ಅವರ ಸಚಿತ್ರ ಪಟ್ಟಿ 1966ರಲ್ಲಿ ಬಂದ ಮೇಲೆ ಭಾರತದ ಬಂದರುಗಳ ಹಳೆಯ ಹೆಸರುಗಳೂ ಅನೇಕ ಕಡೆ ತಿದ್ದುಪಡಿಯಾದವು.

ಲೈರೋಡಸ್ ಸಾಕಲು ಸುಲಭ, ಯಾಕೆಂದರೆ ಅದು ಮರಿಗಳನ್ನು ಕಿವಿರಿನಲ್ಲೇ ಕಾಪಾಡಿ, ಮರ ಹತ್ತಲು ಸಿದ್ಧವಾದ ಮೇಲೆ ಹೊರಗೆ ಬಿಡುತ್ತದೆ. ತೊಟ್ಟಿಯಲ್ಲಿ ಹಳೆಯ ಹಲಗೆಯ ಪಕ್ಕ ಹೊಸದೊಂದನ್ನು ಇಟ್ಟರೆ ಮುಂದಿನ ತಲೆಮಾರು ಅಲ್ಲಿಗೆ ದಾಟುತ್ತದೆ. ಬ್ಯಾಂಕಿಯದ ಮೊಟ್ಟೆಗಳು ನೀರಿನಲ್ಲೇ ಫಲಗೊಂಡು, ಮರಿಗಳು ವಾರಗಳ ಕಾಲ ತೇಲಿಕೊಂಡೇ ಇರುವುದರಿಂದ, ಅವಕ್ಕೆ ಪಾಚಿ ಬೆಳೆಸಿ ಉಣಿಸುವ ಪಾಡು ಬೇರೆ.

ಜನರಿಗೆ ತೋರಿಸುವ ಅಕ್ವೇರಿಯಂಗಳಿಗೆ ಇದಾವುದೂ ಹಿಡಿಸಲಿಲ್ಲ. ಮದರಾಸು ಮ್ಯೂಸಿಯಂ ನೋಡಿಕೊಂಡಿದ್ದ ಎಡ್ಗರ್ ಥರ್ಸ್ಟನ್ ಅವರ ಆಸ್ಥೆಯಿಂದ ಅಲ್ಲಿನ ಮರೀನಾದಲ್ಲಿ 1909ರಲ್ಲಿ ತೆರೆದ ಅಕ್ವೇರಿಯಂ ದೇಶದಲ್ಲೇ ಮೊದಲನೆಯದು. ಎರಡನೆಯ ಮಹಾಯುದ್ಧದಲ್ಲಿ, ಜಪಾನಿ ವಿಮಾನಗಳು ವಿಶಾಖಪಟ್ಟಣದ ಮೇಲೂ ಬಾಂಬು ಹಾಕಿದ 1942ರಲ್ಲಿ, ಅದು ಬಾಗಿಲು ಹಾಕಿತು. ಮುಂಬಯಿಯ ತಾರಾಪೋರ್‌ವಾಲಾ 1951ರಲ್ಲಿ ಬಂತು. ವಿಶಾಖಪಟ್ಟಣದ ರಾಮಕೃಷ್ಣ ಬೀಚಿನ 'ಮತ್ಸ್ಯದರ್ಶಿನಿ'ಯನ್ನು ಹೊಕ್ಕವರೂ ಬಯಸುವುದು ಬಣ್ಣದ ಮೀನನ್ನೇ. ತೂತು ಬಿದ್ದ ಹಲಗೆಯನ್ನು ಟಿಕೆಟ್ ಕೊಟ್ಟು ನೋಡುವವರು ಯಾರು? ಒಂದು ಎಕ್ಸ್‌ರೇ ಚಿತ್ರವನ್ನು ಪಕ್ಕದಲ್ಲಿ ತೂಗುಹಾಕಿದರೆ ಮಕ್ಕಳು ಆ ತೊಟ್ಟಿಯ ಮುಂದಿನಿಂದ ಕದಲಲಾರರು ಎಂಬುದು ಬೇರೆ ಮಾತು.

ಪ್ರೀತಿಯಿಂದ ಸಾಕಿದ ಚಿಪ್ಪೂ ವಿಶಾಖಪಟ್ಟಣದಲ್ಲಿ ಇಲ್ಲದಿಲ್ಲ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು 1973ರಲ್ಲಿ ತೂತುಕುಡಿಯ ಬಳಿಯ ವೇಪ್ಪಲೋಡೈನಲ್ಲಿ, ಕೆ. ಅಳಗರಸ್ವಾಮಿಯವರ ಮುಂದಾಳತ್ವದಲ್ಲಿ, ಭಾರತದ ಮೊದಲ ಕೃಷಿಮುತ್ತು ತೆಗೆದರು. ಅದೇ ಸಂಸ್ಥೆಯ ವಿಶಾಖಪಟ್ಟಣ ಕೇಂದ್ರ ಮುಂದೆ ಮುತ್ತಿನ ಸಿಂಪಿಗಳನ್ನು ಸಮುದ್ರದಲ್ಲಿ ತೂಗುಹಾಕುವ ಬದಲು ದಡದ ತೊಟ್ಟಿಗಳಲ್ಲೇ ಬೆಳೆಸಲು ನೋಡಿತು. ಬಂಗಾಳಕೊಲ್ಲಿಯ ತೆರೆದ ದಂಡೆಯಲ್ಲಿ ಚಂಡಮಾರುತಕ್ಕೆ ಪಂಜರಗಳು ನಿಲ್ಲುವುದು ಕಷ್ಟ. ಆದರೆ ತೊಟ್ಟಿಗೆ ಬಂದೊಡನೆ ಸಿಂಪಿಯ ಹೊಟ್ಟೆಯ ಜವಾಬ್ದಾರಿ ಸಾಕುವವನ ತಲೆಗೆ ಬೀಳುತ್ತದೆ. ದಿನವೂ ಪ್ರಯೋಗಾಲಯದಲ್ಲಿ ಪಾಚಿ ಬೆಳೆಸಿ, ಎಣಿಸಿ, ಸುರಿಯಬೇಕು. ಮುತ್ತು ಕೊಡುವ ರಾಣಿಗೆ ಇಷ್ಟೆಲ್ಲ ಉಪಚಾರ. ಶಾಪ ತಿನ್ನುವ ಹಡಗುಹುಳುವಿಗೆ ಒಂದು ತುಂಡು ಮಾವಿನ ಮರ ಸಾಕು.

ಸ್ವಾತಂತ್ರ್ಯಾನಂತರ ಈ ಶತ್ರುಪಾಲನೆ ದೇಶದ ಕಾರ್ಯಕ್ರಮವಾಯಿತು. ಡೆಹ್ರಾಡೂನಿನವರು ಸಮುದ್ರಜೀವಿಗಳಿಂದ ಮರ ರಕ್ಷಿಸುವ ಸಮಿತಿಯೊಂದನ್ನು ಮಾಡಿ, ಬಂದರು ಬಂದರುಗಳಲ್ಲಿ ಹಲಗೆಗಳನ್ನು ಇಳಿಬಿಟ್ಟು, 1953ರಿಂದ 1970ರವರೆಗಿನ ಫಲಿತಾಂಶಗಳನ್ನು ವರದಿ ಮಾಡಿದರು. ವಿಶಾಖಪಟ್ಟಣದಲ್ಲಿ ಅವರದೊಂದು ಸಮುದ್ರ ಕೇಂದ್ರ ನೆಲೆಗೊಂಡಿತು. ಅದು ಮುಂದೆ ಬಂದು ಸೇರಿದ್ದು ಬೆಂಗಳೂರಿನ ಮಲ್ಲೇಶ್ವರದ ಸಂಸ್ಥೆಯೊಂದರ ಆಡಳಿತಕ್ಕೆ. ಮೈಸೂರು ಸಂಸ್ಥಾನ 1938ರಲ್ಲಿ ಆರಂಭಿಸಿದ ಅರಣ್ಯ ಪ್ರಯೋಗಾಲಯ 1956ರಲ್ಲಿ ಕೇಂದ್ರ ಸರ್ಕಾರದ ಕೈಗೆ ಹೋಗಿ, 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಸಮುದ್ರದ ಗಾಳಿಯೂ ತಾಕದ ಹದಿನೆಂಟನೇ ಕ್ರಾಸಿನ ಸಂಸ್ಥೆಗೆ ಸುಮಾರು ಒಂದು ಸಾವಿರ ಕಿಲೋಮೀಟರು ದೂರದಲ್ಲಿ ಉಪ್ಪುನೀರಿನ ಶಾಖೆ ಬಂದಂತಾಯಿತು. ಗಂಧದೆಣ್ಣೆಯ ಸಂಶೋಧನೆಗೆ ಹೆಸರಾದವರ ಕಡತಗಳಲ್ಲಿ ಹಡಗುಹುಳುವಿನ ತಿಂಗಳ ವರದಿಗಳೂ ಬಂದು ಕೂತವು.

ಆ ಕೇಂದ್ರದಲ್ಲಿ ಎಲ್.ಎನ್. ಶಾಂತಕುಮಾರನ್, ಎಂ.ವಿ. ರಾವ್, ಎಂ. ಬಾಲಾಜಿ ಮುಂತಾದವರು ಮಾಡಿದ ಕೆಲಸದಲ್ಲಿ ಹೆಚ್ಚು ಜನೋಪಯೋಗಿಯಾದದ್ದು ತೆಪ್ಪದ ಮರದ್ದು. ತೆಪ್ಪಕ್ಕೆ ಹಗುರ ಮರವೇ ಬೇಕು; ಹಗುರ ಮರ ಹುಳುವಿಗೂ ಇಷ್ಟ. ಒಳ್ಳೆಯ ದಿಮ್ಮಿಗಳು ಕಾಡಿನಲ್ಲಿ ಕಡಿಮೆಯಾಗಿ ಬೆಲೆ ಏರಿದಾಗ, ಬೂರುಗದಂಥ ಅಗ್ಗದ ಮರಗಳಿಗೆ ಕಾಮೇಶಂ ಮಿಶ್ರಣವನ್ನು ಒತ್ತಡದಲ್ಲಿ ಕುಡಿಸಿ, ತೆಪ್ಪ ಕಟ್ಟಿಸಿ, ಬೆಸ್ತರ ಕೈಗೇ ಕೊಟ್ಟು ನೋಡಿದರು. ಔಷಧಿ ಕಾಣದ ಹಲಗೆ ಬಂದರಿನಲ್ಲಿ ಕೆಲವೇ ತಿಂಗಳಿಗೆ ಪುಡಿಯಾಗುವ ಕಡೆ ಉಪಚರಿಸಿದ ಮರ ವರ್ಷಗಳನ್ನು ದಾಟಿತು. ಆದರೆ ಅಷ್ಟರಲ್ಲಿ ಎರಡು ಬದಲಾವಣೆ ಬಂದವು. 2003ರಿಂದ ಯುರೋಪು, ಅಮೆರಿಕಗಳು ಆರ್ಸೆನಿಕ್ ಕುಡಿಸಿದ ಮರವನ್ನು ಮನೆ, ಆಟದ ಮೈದಾನಗಳಿಂದ ದೂರವಿಡತೊಡಗಿದವು. ವಿಶಾಖಪಟ್ಟಣದ ದಂಡೆಯಲ್ಲಿ ಮರದ ತೆಪ್ಪದ ಜಾಗಕ್ಕೆ ಫೈಬರ್ ದೋಣಿ ಬಂತು. ಹುಳುವಿಗೆ ಫೈಬರ್ ಬೇಡ. ಇಷ್ಟು ವರ್ಷ ವಿಷದಿಂದ ಆಗದ್ದನ್ನು ಪ್ಲಾಸ್ಟಿಕ್ಕು ಸದ್ದಿಲ್ಲದೆ ಮಾಡಿತು.

ಕೊಲ್ಲುವ ಆತುರ ಇಳಿದ ಮೇಲೆಯೇ ಇದನ್ನು ನೋಡುವ ಕುತೂಹಲ ಹೆಚ್ಚಿತೆನ್ನಬೇಕು. ಮರ ತಿಂದು ಬದುಕುವುದು ಸುಲಭವಲ್ಲ. ಅದರಲ್ಲಿ ಪೌಷ್ಟಿಕಾಂಶ, ಅದರಲ್ಲೂ ಸಾರಜನಕ, ಇಲ್ಲವೆನ್ನುವಷ್ಟು ಕಡಿಮೆ. 1983ರಲ್ಲಿ ವಾಟರ್‌ಬರಿ, ಕ್ಯಾಲೋವೆ, ಟರ್ನರ್ ಎಂಬ ಮೂವರು ಹಡಗುಹುಳುವಿನ ಕಿವಿರಿನಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಅದು ಮರದ ಸೆಲ್ಯುಲೋಸನ್ನು ಒಡೆಯುತ್ತದೆ, ಜತೆಗೆ ನೀರಿನಲ್ಲಿ ಕರಗಿದ ಸಾರಜನಕವನ್ನೂ ಹಿಡಿದು ಒಡೆಯನಿಗೆ ಕೊಡುತ್ತದೆ. 2002ರಲ್ಲಿ ಅದಕ್ಕೆ ಟರ್ನರ್ ಅವರ ಹೆಸರನ್ನೇ ಇಟ್ಟರು. ಅಲ್ಲಿಗೆ, ಬುತ್ತಿ ಕಟ್ಟಿಕೊಂಡು ಬರುವ ಚಿಪ್ಪಿನ ಅಡುಗೆಯವನ ಗುರುತು ಸಿಕ್ಕಿತು.

ಫಿಲಿಪೀನ್ಸಿನ ಕೆಸರಿನಿಂದ ಮೇಲೆತ್ತಿ, 2017ರಲ್ಲಿ ವಿಜ್ಞಾನಿಗಳು ವಿವರಿಸಿದ ದೈತ್ಯ ಹಡಗುಹುಳು ಕೂಫಸ್ ಇನ್ನೊಂದು ಆಶ್ಚರ್ಯ. ಅದರ ಒಂದೂವರೆ ಮೀಟರ್ ಉದ್ದದ ಸುಣ್ಣದ ಕೊಳವೆಗಳು ಮ್ಯೂಸಿಯಂಗಳಲ್ಲಿ ಶತಮಾನಗಳಿಂದ ಇದ್ದವು, ಒಳಗಿನ ಪ್ರಾಣಿಯನ್ನು ಜೀವಂತವಾಗಿ ಅಧ್ಯಯನ ಮಾಡಿದವರಿರಲಿಲ್ಲ. ಕೊಳವೆ ಒಡೆದಾಗ ಹೊರಬಂದದ್ದು ಹೊಳೆಯುವ ಕಪ್ಪು ಮೈ. ಅದು ಮರವನ್ನೂ ಬಿಟ್ಟಿತ್ತು, ಸೋಸಿ ತಿನ್ನುವುದನ್ನೂ ಬಹುಮಟ್ಟಿಗೆ ಬಿಟ್ಟಿತ್ತು. ಕೆಸರಿನ ಗಂಧಕದ ಅನಿಲವನ್ನು ಬಳಸಿ ಆಹಾರ ತಯಾರಿಸುವ ಬ್ಯಾಕ್ಟೀರಿಯಾಗಳೇ ಅದರ ಜೀವನಾಧಾರ. ಎರಡು ವರ್ಷದ ನಂತರ ಅದೇ ದೇಶದ ಅಬತಾನ್ ನದಿಯಲ್ಲಿ ಮರದ ಬದಲು ಸುಣ್ಣಕಲ್ಲನ್ನೇ ಕೊರೆದು ನುಂಗುವ ಜಾತಿಯೂ ಬೆಳಕಿಗೆ ಬಂತು.

ಫಿಲಿಪೀನ್ಸಿನ ಪಲಾವಾನ್ ದ್ವೀಪದಲ್ಲಿ ಇದು ಊಟ ಕೂಡ. ಕಾಂಡ್ಲಾ ಕಾಡಿನ ಕೊಳೆತ ದಿಮ್ಮಿ ಸೀಳಿ ತೆಗೆದ ತಮಿಲೋಕನ್ನು ವಿನೆಗರಿನಲ್ಲಿ ಅದ್ದಿ ಹಸಿಯಾಗಿಯೇ ನುಂಗುತ್ತಾರೆ. ಮರುವಾಯಿ ಸುಕ್ಕದ ರುಚಿ ಬಲ್ಲ ಕುಂದಾಪುರ, ಮಂಗಳೂರಿನವರಿಗೆ ಇದರ ಸುದ್ದಿ ಅಸಹ್ಯವೆನಿಸಬೇಕಾಗಿಲ್ಲ. 2023ರ ನವೆಂಬರಿನಲ್ಲಿ ಕೇಂಬ್ರಿಜ್ ಮತ್ತು ಪ್ಲಿಮತ್ ವಿಶ್ವವಿದ್ಯಾಲಯಗಳ ಸಂಶೋಧಕರು ಹಡಗುಹುಳುವನ್ನು ಆಹಾರಕ್ಕಾಗಿಯೇ ತೊಟ್ಟಿಗಳಲ್ಲಿ ಬೆಳೆಸುವ ಪದ್ಧತಿಯನ್ನು ಪ್ರಕಟಿಸಿದರು. ಬಿ12 ಜೀವಸತ್ವ ಪಚ್ಚಿಲೆಗಿಂತಲೂ ಹೆಚ್ಚು. ಮಾಂಸದ ಗಾತ್ರಕ್ಕೆ ಬರಲು ಸಿಂಪಿ, ಪಚ್ಚಿಲೆಗಳಿಗೆ ಎರಡು ವರ್ಷ ಬೇಕಾದರೆ ಇದಕ್ಕೆ ಆರು ತಿಂಗಳು, ಚಿಪ್ಪು ಬೆಳೆಸಲು ಶಕ್ತಿ ವ್ಯಯಿಸುವ ಗೋಜಿಲ್ಲವಲ್ಲ. ಹಾಕುವ ಮೇವು ತ್ಯಾಜ್ಯ ಮರ, ಮೇಲೆ ಒಂದಿಷ್ಟು ಪಾಚಿ. ಆ ಮರ ಮಾತ್ರ ಯಾವ ಔಷಧಿಯೂ ಸೋಕದ್ದಾಗಿರಬೇಕು. ಕಾಮೇಶಂ ಮಿಶ್ರಣ ಕುಡಿದ ಒಂದು ಹಲಗೆ ತಪ್ಪಿ ಬಿದ್ದರೂ ತೊಟ್ಟಿಯ ಫಸಲೆಲ್ಲ ಹೋದಂತೆ.